ಸಲುಗೆಗೊಂದು ಸುತ್ತೋಲೆ

ನಮ್ಮ ಆಫೀಸಿಗೆ ಮೊನ್ನೆ ಒಂದು ಸುತ್ತೋಲೆ ಬಂತು. ಇನ್ನು ಮೇಲೆ ಎಲ್ಲರೂ ಎಲ್ಲರ ಜೊತೆ ಸಹಜವಾಗಿ, ಸಲುಗೆಯಿಂದ ಬೆರೆಯಬೇಕಂತೆ. ಬೆರೆತದ್ದಕ್ಕೆ ಶುಕ್ರವಾರ ಸಂಜೆಯೊಳಗೆ ವರದಿ ಕೊಡಬೇಕಂತೆ. ನಮೂನೆ ಲಗತ್ತಿಸಲಾಗಿದೆ.

ಇದನ್ನು ನೋಡಿಕೊಳ್ಳಲು ಒಂದು ಸಮಿತಿ. ಮೊದಲ ಸಭೆ ಎರಡನೇ ಮಹಡಿಯಲ್ಲಿ, ಲಿಫ್ಟ್ ಕೆಟ್ಟ ದಿನ. ಗಾಲಿಕುರ್ಚಿಯಲ್ಲಿ ಓಡಾಡುವ ಸದಸ್ಯರು ಕೆಳಗೇ ಉಳಿದರು. ಅವರ ಹೆಸರಿನ ಮುಂದೆ ‘ಗೈರುಹಾಜರು’ ಅಂತ ಬಿತ್ತು.

ಹಾಗಂತ ನಮ್ಮಲ್ಲಿ ರ‍್ಯಾಂಪ್ ಇಲ್ಲ ಅಂದುಕೊಳ್ಳಬೇಡಿ. 1 ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ಬೇಕು ಅನ್ನೋದು ಬಹಳ ಕಡೆ ಒಪ್ಪಿರುವ ಲೆಕ್ಕ. ನಮ್ಮದು 4 ಅಡಿ. ಜಾರುಬಂಡೆ ಅಂದರೂ ತಪ್ಪಿಲ್ಲ. ಅದರ ಮೇಲೆ ಸಾಲಾಗಿ ಹೂಕುಂಡ. ದಿನಾ ಬೆಳಿಗ್ಗೆ ಸೆಕ್ಯುರಿಟಿಯವರು ಕುಂಡ ಸರಿಸುತ್ತಾರೆ, ಗಾಲಿಕುರ್ಚಿ ತಳ್ಳಿ ಹತ್ತಿಸುತ್ತಾರೆ, ಆಮೇಲೆ ಕುಂಡಗಳನ್ನು ಮತ್ತೆ ಅಲ್ಲೇ ಇಡುತ್ತಾರೆ. ಫೋಟೊದಲ್ಲಿ ಚೆಂದ ಕಾಣಬೇಕಲ್ವಾ?

ಅಧ್ಯಕ್ಷರು ಸ್ಲೈಡ್ ತೋರಿಸಿದರು. ಕೆಲಸದಲ್ಲಿ ತಾರತಮ್ಯ ಕೂಡದು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1958ರಲ್ಲೇ ಒಪ್ಪಂದ ಮಾಡಿದೆ, ಅಂಗವಿಕಲರ ಹಕ್ಕುಗಳಿಗೆ ವಿಶ್ವಸಂಸ್ಥೆ 2006ರಲ್ಲಿ ಇನ್ನೊಂದು ಮಾಡಿದೆ. ಎಲ್ಲಾ ಇತ್ತು, ಇರುವೆ ಸಾಲಿನಂಥ ಅಕ್ಷರದಲ್ಲಿ. ಮುಂದಿನ ಸಾಲಿನಲ್ಲಿ ಕೂತ ನನಗೇ ಕಾಣಲಿಲ್ಲ.

‘ಎಲ್ಲರಿಗೂ ಮಾತಾಡಲು ಅವಕಾಶ’ ಎಂಬ ವಿಷಯದ ಮೇಲೆ ಅವರೊಬ್ಬರೇ 40 ನಿಮಿಷ ಮಾತಾಡಿದರು. ಅದನ್ನು ಬರೆದುಕೊಳ್ಳುವ ಕೆಲಸ ಸಮಿತಿಯ ಒಬ್ಬಳೇ ಹೆಣ್ಣುಮಗಳಿಗೆ. ಯಾಕೆ ಅಂದರೆ, ‘ನಿಮ್ಮ ಅಕ್ಷರ ದುಂಡಗಿದೆ.’ ಆಕೆ ಬರೆಯುತ್ತಿದ್ದದ್ದು ಲ್ಯಾಪ್‌ಟಾಪಿನಲ್ಲಿ.

ಆನ್‌ಲೈನಿನಲ್ಲಿ ಇದ್ದ ಸದಸ್ಯರೊಬ್ಬರಿಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಮಾತು ಅಕ್ಷರವಾಗಿ ತೆರೆಯ ಮೇಲೆ ಬರುವಂತೆ ಮಾಡಿ ಅಂದರು. ‘ಐಟಿಯವರಿಗೆ ಪತ್ರ ಬರೆಯೋಣ, ಮುಂದಿನ ತ್ರೈಮಾಸಿಕದಲ್ಲಿ ನೋಡೋಣ’ ಎಂದರು ಅಧ್ಯಕ್ಷರು. ಹೊಸದಾಗಿ ಸೇರಿದ ಹುಡುಗ ಸುಮ್ನೆ ಕೈಚಾಚಿ ಒಂದು ಬಟನ್ ಒತ್ತಿದ. ಅಕ್ಷರಗಳು ಬಂದವು. ಅಧ್ಯಕ್ಷರು ತಮ್ಮ ಮಾತನ್ನು ಮೊದಲ ಸಲ ಕಣ್ಣಾರೆ ಓದಿದರು. ಸಭೆ ಎರಡೇ ನಿಮಿಷದಲ್ಲಿ ಮುಗಿಯಿತು.

ಆ ಹುಡುಗ ನೇರ ಕೆಳಗೆ ಹೋಗಿ, ‘ಮೇಲೆ ಬಂದಿದ್ದರೆ ಏನು ಹೇಳ್ತಿದ್ರಿ ಸರ್?’ ಅಂತ ಕೇಳಿದ್ದಾನೆ. ‘ಆ ಕುಂಡ ತೆಗೆಸಿ ಅಂತಿದ್ದೆ’ ಅಂದರಂತೆ. ಹುಡುಗ ತಾನೇ ಎತ್ತಿ ಗೋಡೆ ಬದಿಗಿಟ್ಟ.

ಸೋಮವಾರ ಹೊಸ ಸುತ್ತೋಲೆ ಬಂತು. ಅನುಮತಿಯಿಲ್ಲದೆ ಹೂಕುಂಡ ಸರಿಸಿದವರು 3 ದಿನದೊಳಗೆ ಲಿಖಿತ ವಿವರಣೆ ಕೊಡಬೇಕಂತೆ.