ಅಮ್ಮನ ಅಂಗಾಲಿಗೆ ಬ್ಲೇಡು ಬೇಡ

ಹಿತ್ತಿಲ ಮೆಟ್ಟಿಲಿನ ಮೇಲೆ ಕುಳಿತು ಅಮ್ಮ ಅರ್ಧ ಬ್ಲೇಡಿನಿಂದ ಅಂಗಾಲಿನ ಆಣಿ ಹೆರೆಯುತ್ತಿದ್ದರು. ಹಳದಿ ಚಕ್ಕೆಗಳು ಕಲ್ಲಿನ ಮೇಲೆ ಉದುರುತ್ತಿದ್ದವು. ಚಕ್ಕೆಯ ಜೊತೆ ರಕ್ತ ಕಂಡರೂ ಕೈ ನಿಲ್ಲಲಿಲ್ಲ. "ನೋವಾಗಲಿಲ್ಲವೇನಮ್ಮ?" ಎಂದೆ. "ಏನೂ ಆಗಲಿಲ್ಲ ಕಣೋ" ಎಂದರು. ನನ್ನ ಎದೆ ಧಸಕ್ಕೆಂದಿದ್ದು ಆ ಮಾತಿಗೆ. ಅಮ್ಮನಿಗೆ ಸಕ್ಕರೆ ಕಾಯಿಲೆ ಬಂದು ಹದಿನೈದು ವರ್ಷ, ಆ ಕಾಯಿಲೆಯಲ್ಲಿ ಪಾದದ ಸ್ಪರ್ಶ ಸಾಯಬಹುದು.

ಮರುದಿನ ವೈದ್ಯರು ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಒತ್ತಿ ಒತ್ತಿ, ಮುಟ್ಟಿದ್ದು ಗೊತ್ತಾಯಿತೇ ಎಂದು ಕೇಳಿದರು. ಮೂರು ಕಡೆ ಅಮ್ಮನಿಗೆ ಗೊತ್ತೇ ಆಗಲಿಲ್ಲ. ಜಡ್ಡುಗಟ್ಟಿದ ಚರ್ಮವನ್ನು ಅವರು ಹದವಾಗಿ ತೆಗೆದಾಗ ಅಡಿಯಲ್ಲಿ ಕಪ್ಪಾಗಿ ಹೆಪ್ಪುಗಟ್ಟಿದ ರಕ್ತವಿತ್ತು. ಆಮೇಲೆ ಅಮ್ಮನ ಚಪ್ಪಲಿಯನ್ನು ಕೈಗೆತ್ತಿಕೊಂಡರು. ಹೆಬ್ಬೆರಳಿನ ಬುಡ ಊರುವ ಜಾಗದಲ್ಲಿ ರಬ್ಬರು ಸವೆದು ಹಾಳೆಯಂತಾಗಿತ್ತು. ಆಣಿ ಎದ್ದದ್ದೂ ಅಲ್ಲೇ.

ಒಂದೇ ಕಡೆ ಒತ್ತಡ, ಉಜ್ಜಾಟ ಬಿದ್ದರೆ ಚರ್ಮ ತನ್ನನ್ನು ಕಾಪಾಡಿಕೊಳ್ಳಲು ದಪ್ಪವಾಗುತ್ತದೆ. ದಪ್ಪವಾದದ್ದೇ ಒಳಗೆ ಇನ್ನಷ್ಟು ಒತ್ತುತ್ತದೆ. ಚಪ್ಪಲಿ ಬದಲಿಸದೆ ಎಷ್ಟು ಹೆರೆದರೂ ಅದು ಮತ್ತೆ ಬರುತ್ತದೆ. ಆರೋಗ್ಯವಂತರು ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಕಾಲಿಟ್ಟು, ಕಾಲುಜ್ಜುವ ಕಲ್ಲಿನಿಂದ ಮೆಲ್ಲಗೆ ತಿಕ್ಕಿ, ಯೂರಿಯಾ ಇರುವ ಕ್ರೀಮು ಹಚ್ಚಿದರೆ ಸಾಮಾನ್ಯವಾಗಿ ಸಾಕು. ಸಕ್ಕರೆ ಕಾಯಿಲೆಯವರಿಗೆ ಈ ನೆನೆಸುವುದೂ ತಿಕ್ಕುವುದೂ ಬೇಡ. ನೀರು ಸುಡುತ್ತಿದೆಯೋ ಇಲ್ಲವೋ ಎಂಬುದೇ ಅವರ ಕಾಲಿಗೆ ತಿಳಿಯದಿರಬಹುದು.

ನನ್ನ ಸಿಟ್ಟು ಇರುವುದು ಆಣಿಯ ಮೇಲೆ ಅಂಟಿಸುವ ಔಷಧಿ ಪಟ್ಟಿಯ ಮೇಲೆ. ಹಿಂದೊಮ್ಮೆ ಔಷಧಿ ಅಂಗಡಿಯಲ್ಲಿ ಕೇಳಿದ ಕೂಡಲೇ ಕೊಟ್ಟಿದ್ದರು. ಸಕ್ಕರೆ ಇದೆಯೇ ಎಂದು ಯಾರೂ ಕೇಳಲಿಲ್ಲ. ಅದರಲ್ಲಿರುವ ಸ್ಯಾಲಿಸಿಲಿಕ್ ಆಮ್ಲ ಸುತ್ತಲಿನ ಒಳ್ಳೆಯ ಚರ್ಮವನ್ನೂ ಸುಡಬಹುದು. ಸ್ಪರ್ಶ ಸತ್ತ, ರಕ್ತ ಸರಿಯಾಗಿ ಹರಿಯದ ಪಾದದಲ್ಲಿ ಅಷ್ಟು ಸಣ್ಣ ಗಾಯವೇ ಹುಣ್ಣಾಗಿ, ಬೆರಳು ಕತ್ತರಿಸುವವರೆಗೂ ಹೋಗಬಹುದು. ಮಾರುವ ಮುಂಚೆ ಒಂದು ಪ್ರಶ್ನೆ ಕೇಳುವುದು ಅಷ್ಟು ಕಷ್ಟವೇ? ನಾವು ಮಕ್ಕಳೂ ಅಷ್ಟೆ. ತಿಂಗಳು ತಿಂಗಳು ಅಮ್ಮನ ಸಕ್ಕರೆಯ ಅಂಕಿ ನೋಡುತ್ತಿದ್ದೆ. ಅಂಗಾಲನ್ನು ಒಮ್ಮೆಯೂ ತಿರುಗಿಸಿ ನೋಡಿರಲಿಲ್ಲ.

ಈಗ ರಾತ್ರಿ ಊಟವಾದ ಮೇಲೆ ಮೊಬೈಲಿನ ಬೆಳಕಿನಲ್ಲಿ ಬೆರಳ ಸಂದುಗಳನ್ನೂ ನೋಡುತ್ತೇನೆ. ಕ್ರೀಮು ಅಂಗಾಲಿಗೆ ಮಾತ್ರ, ಸಂದಿಗೆ ಇಲ್ಲ. ಎಂಸಿಆರ್ ಎಂಬ ಮೆತ್ತನೆಯ ರಬ್ಬರಿನ ಚಪ್ಪಲಿ ಬಂದಿದೆ, ಮನೆಯೊಳಗೂ ಹಾಕಬೇಕು. ಅಡುಗೆಮನೆಯಲ್ಲಿ ಚಪ್ಪಲಿಯೇ ಎಂದು ಅಮ್ಮ ಎರಡು ವಾರ ಮುನಿಸಿಕೊಂಡಿದ್ದರು. ಕೊನೆಗೆ ಹೊರಗೆ ಮೆಟ್ಟದ ಬೇರೊಂದು ಜೊತೆ ತಂದೆವು. ದೇವರ ಮನೆಗೆ ಮಾತ್ರ ಇಂದಿಗೂ ಬರಿಗಾಲು. ಅಲ್ಲಿ ನೆಲಕ್ಕೆ ದಪ್ಪನೆಯ ಜಮಖಾನ ಹಾಸಿದ್ದೇವೆ.