ಕೊಡಗಿನಲ್ಲಿ 55 ದಾಟಿದ ಗಂಡಸರೆಲ್ಲ ಪಿಎಸ್‌ಎ ಪರೀಕ್ಷೆ ಮಾಡಿಸಬೇಕೇ?

ಪರ

ಮಾಡಿಸಬೇಕು. ಪಿಎಸ್‌ಎ ಅಂದರೆ ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವು ಹುಡುಕಲು ಮಾಡುವ ರಕ್ತ ಪರೀಕ್ಷೆ; ಪ್ರಾಸ್ಟೇಟ್ ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಗ್ರಂಥಿ. ನಮ್ಮ ದೊಡ್ಡಪ್ಪನಿಗೆ ಸೊಂಟ ನೋವು ಶುರುವಾದಾಗ ಕಾಫಿ ಮೂಟೆ ಎತ್ತಿದ್ದಕ್ಕೆ ಬಂದಿದ್ದು ಅಂತ ಎಣ್ಣೆ ತಿಕ್ಕಿಕೊಂಡು ಎರಡು ಕೊಯ್ಲು ಕಳೆದರು, ಕೊನೆಗೆ ಮೈಸೂರಿಗೆ ಕರೆದುಕೊಂಡು ಹೋದಾಗ ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹರಡಿತ್ತು. ಒಂದು ರಕ್ತ ಪರೀಕ್ಷೆ ಮೊದಲೇ ಆಗಿದ್ದರೆ ಅಂತ ಇವತ್ತಿಗೂ ಅನಿಸುತ್ತದೆ.

ಈ ಕ್ಯಾನ್ಸರ್ ಶುರುವಿನಲ್ಲಿ ಸಾಮಾನ್ಯವಾಗಿ ಯಾವ ಸುಳಿವೂ ಕೊಡುವುದಿಲ್ಲ. ಕೊಟ್ಟರೂ ನಮ್ಮ ಗಂಡಸರು ಬಾಯಿ ಬಿಡಬೇಕಲ್ಲ. ಯುರೋಪಿನ 8 ದೇಶಗಳಲ್ಲಿ ಸುಮಾರು 1.6 ಲಕ್ಷ ಗಂಡಸರನ್ನು 23 ವರ್ಷ ಗಮನಿಸಿದ ಅಧ್ಯಯನದಲ್ಲಿ, ಪಿಎಸ್‌ಎ ತಪಾಸಣೆಗೆ ಕರೆದವರ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ಶೇ. 13ರಷ್ಟು ಕಡಿಮೆ ಇತ್ತು.

ನಾನು ನೋಡಿದಂತೆ ಇಲ್ಲಿ ಪರೀಕ್ಷೆ ಮಾಡಿಸುವವರು ಜಾಸ್ತಿ ಆಗುತ್ತಿದ್ದಾರೆ, ಆದರೆ ಯಾರು? ಇಸಿಎಚ್‌ಎಸ್ ಅನ್ನುವ ಆರೋಗ್ಯ ಯೋಜನೆಯ ಕಾರ್ಡ್ ಇರುವ ಮಾಜಿ ಸೈನಿಕರು, ಬೆಂಗಳೂರಿನ ಮಗ ಹೆಲ್ತ್ ಚೆಕಪ್ ಮಾಡಿಸಿದ ತೋಟದ ಮಾಲೀಕರು. ತೋಟದ ಲೈನ್ ಮನೆಯಲ್ಲಿರುವ ಕೂಲಿಯವನಿಗೆ ಪಿಎಸ್‌ಎ ಅನ್ನುವ ಹೆಸರೂ ಗೊತ್ತಿಲ್ಲ. ಸರ್ಕಾರ 30 ದಾಟಿದವರಿಗೆ ಮಾಡುವ ತಪಾಸಣೆಯಲ್ಲಿ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ಇವೆ, ಪ್ರಾಸ್ಟೇಟ್ ಇಲ್ಲ. ಎಲ್ಲರಿಗೂ ಅಂತ ಮಾಡಿದರೆ ಮಾತ್ರ ಅವನ ಸರದಿಯೂ ಬರುತ್ತದೆ.

ವಿರೋಧ

ದೊಡ್ಡಪ್ಪನ ಕಥೆ ಓದಿ ನನಗೂ ಸಂಕಟವಾಯಿತು. ಆದರೂ ‘ಎಲ್ಲರಿಗೂ’ ಅನ್ನುವುದನ್ನು ಒಪ್ಪಲಾರೆ.

ಪಿಎಸ್‌ಎ ಕ್ಯಾನ್ಸರಿನ ಪರೀಕ್ಷೆ ಅಲ್ಲ, ಪ್ರಾಸ್ಟೇಟ್ ಗ್ರಂಥಿ ಮಾಡುವ ಒಂದು ಪ್ರೋಟೀನಿನ ಅಳತೆ. ವಯಸ್ಸಿಗೆ ಗ್ರಂಥಿ ದೊಡ್ಡದಾದರೂ ಏರುತ್ತದೆ, ಮೂತ್ರದ ಸೋಂಕಾದರೂ ಏರುತ್ತದೆ. ರಿಪೋರ್ಟಿನಲ್ಲಿ ಆ ಅಳತೆ 4 (ng/mL) ದಾಟಿತು ಅಂತ ಬಯಾಪ್ಸಿ, ಅಂದರೆ ಸೂಜಿಯಿಂದ ಗ್ರಂಥಿಯ ಚೂರು ತೆಗೆದು ನೋಡುವ ಪರೀಕ್ಷೆ, ಮಾಡಿದರೆ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಕ್ಯಾನ್ಸರ್ ಸಿಗುತ್ತದೆ. ಉಳಿದ ಮೂವರು ನಿದ್ದೆಗೆಟ್ಟು, ಸೂಜಿ ಚುಚ್ಚಿಸಿಕೊಂಡು, ಕೊಯ್ಲಿನ ಕಾಲದಲ್ಲಿ ಕೂಲಿ ಕಳೆದುಕೊಂಡು ಮೈಸೂರಿಗೋ ಮಂಗಳೂರಿಗೋ ಓಡಾಡಿರುತ್ತಾರೆ. ಮಡಿಕೇರಿಯಿಂದ ಮೈಸೂರಿಗೆ 120 ಕಿಲೋಮೀಟರ್ ಹತ್ತಿರ ಇದೆ, ಅದೂ ಒಂದೇ ಸಲಕ್ಕೆ ಮುಗಿಯುವುದಿಲ್ಲ.

ಅದೇ ಯುರೋಪಿನ ಅಧ್ಯಯನವನ್ನೇ ಇನ್ನೊಂದು ರೀತಿ ಓದಿ. 456 ಜನರನ್ನು ತಪಾಸಣೆಗೆ ಕರೆದರೆ ಒಂದು ಸಾವು ತಪ್ಪುತ್ತದೆ. ಆ ಒಂದು ಸಾವು ತಪ್ಪಿಸಲು 12 ಜನರಿಗೆ ಹೆಚ್ಚುವರಿಯಾಗಿ ‘ನಿಮಗೆ ಕ್ಯಾನ್ಸರ್’ ಅಂತ ಹೇಳಬೇಕಾಗುತ್ತದೆ. ಅವರಲ್ಲಿ ಹೆಚ್ಚಿನವರ ಕ್ಯಾನ್ಸರ್ ಎಷ್ಟು ನಿಧಾನ ಅಂದರೆ ಬದುಕಿಡೀ ತೊಂದರೆ ಕೊಡುತ್ತಿರಲಿಲ್ಲ. ಆಪರೇಷನ್ ಆದರೆ ಕೆಲವರಿಗೆ ಮೂತ್ರ ಹಿಡಿತಕ್ಕೆ ಸಿಗುವುದಿಲ್ಲ, ಗಂಡ ಹೆಂಡತಿ ಸಂಬಂಧಕ್ಕೂ ಪೆಟ್ಟು. ಆಪರೇಷನ್ ಬೇಡ, ಗಮನಿಸುತ್ತಾ ಇರೋಣ ಅಂತ ವೈದ್ಯರು ಹೇಳಬಹುದು, ಅದು ಒಳ್ಳೆಯ ದಾರಿಯೇ. ಆದರೆ ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ರಸ್ತೆ ಬಂದ್ ಆಗುವ ಊರಿನಿಂದ ತಪ್ಪದೆ ಹೋಗಿ ಬರುತ್ತಲೇ ಇರಬೇಕಲ್ವಾ?

ಅಮೆರಿಕದ ತಜ್ಞರ ಸಮಿತಿ 2012ರಲ್ಲಿ ಈ ತಪಾಸಣೆ ಬೇಡ ಅಂದಿತ್ತು. 2018ರಲ್ಲಿ 55ರಿಂದ 69ರವರು ವೈದ್ಯರ ಜೊತೆ ಮಾತಾಡಿ ತಾವೇ ತೀರ್ಮಾನಿಸಲಿ, 70 ದಾಟಿದವರಿಗೆ ಬೇಡ ಅಂತ ಬದಲಾಯಿಸಿತು. ಆ ಮಾತುಕತೆಯೇ ನಮ್ಮಲ್ಲಿ ಇಲ್ಲ. ಲ್ಯಾಬಿನ ಪ್ಯಾಕೇಜಿನಲ್ಲಿ ಪಿಎಸ್‌ಎ ಸೇರಿರುತ್ತದೆ, ವಾಟ್ಸಾಪ್‌ನಲ್ಲಿ ರಿಪೋರ್ಟ್ ಬರುತ್ತದೆ, ಕೆಂಪು ಅಕ್ಷರ ನೋಡಿ ಮನೆಯವರೆಲ್ಲ ಗಾಬರಿ.

ಅಪ್ಪನಿಗೋ ಅಣ್ಣನಿಗೋ ಈ ಕಾಯಿಲೆ ಇದ್ದವರು ಖಂಡಿತ ವೈದ್ಯರನ್ನು ಕೇಳಿ, ದೊಡ್ಡಪ್ಪನ ಮಕ್ಕಳಿಗೂ ಅದನ್ನೇ ಹೇಳುತ್ತೇನೆ. ಮೂತ್ರದಲ್ಲಿ ರಕ್ತ ಕಂಡವರು, ಮೂತ್ರ ಕಟ್ಟಿದವರು, ವಾಸಿಯಾಗದ ಸೊಂಟ ನೋವಿನವರು ಯಾವ ಶಿಬಿರಕ್ಕೂ ಕಾಯದೆ ಇವತ್ತೇ ಆಸ್ಪತ್ರೆಗೆ ಹೋಗಬೇಕು.