653 ರೇಸು, ಗೆಲುವು ಸೊನ್ನೆ

ಕಾರ್ ರೇಸಿನ ಫಲಿತಾಂಶದ ಪಟ್ಟಿಯನ್ನು ನಾನು ಕೆಳಗಿನಿಂದ ಮೇಲಕ್ಕೆ ಓದುತ್ತೇನೆ. ಮೇಲಿನ ನಾಲ್ಕೈದು ಹೆಸರು ಹೇಗೂ ಫೋಟೊ ಸಮೇತ ಎಲ್ಲ ಕಡೆ ಬಂದಿರುತ್ತವೆ. ಮಜಾ ಇರುವುದು ಕೆಳಗೆ. ಅಮೆರಿಕದ ನಾಸ್ಕಾರ್ ರೇಸುಗಳ ಹಳೇ ಪಟ್ಟಿ ನೋಡಿದರೆ ಪ್ರತಿ ಡ್ರೈವರ್ ಹೆಸರಿನ ಮುಂದೆ ಒಂದು ಸಣ್ಣ ಕಾಲಂ ಇರುತ್ತದೆ. ಕಾರು ಕೊನೆಯವರೆಗೂ ಓಡಿತೋ ಇಲ್ಲವೋ, ಇಲ್ಲ ಅಂದರೆ ಯಾಕೆ. ಇಂಜಿನ್. ಆಕ್ಸಲ್. ಗೇರ್‌ಬಾಕ್ಸ್. ಬಿಸಿ ಆಯಿತು. ಗೋಡೆಗೆ ಬಡಿಯಿತು. ಒಂದೊಂದು ಪದದಲ್ಲಿ ಒಬ್ಬೊಬ್ಬನ ಭಾನುವಾರ ಹಾಳಾಗಿರುತ್ತದೆ.

ಅರವತ್ತರ ದಶಕದಿಂದ ತೊಂಬತ್ತರವರೆಗಿನ ಪಟ್ಟಿಗಳಲ್ಲಿ ಹೀಗೆ ಕೆಳಗಿನಿಂದ ಹತ್ತುತ್ತಾ ಹೋದರೆ ಒಂದು ಹೆಸರು ಪದೇ ಪದೇ ಎದುರಾಗುತ್ತದೆ: ಜೆ.ಡಿ. ಮೆಕ್‌ಡಫಿ. ನಾರ್ತ್ ಕೆರೊಲಿನಾದ ಸ್ಯಾನ್‌ಫರ್ಡ್ ಊರಿನವನು. 1963ರಲ್ಲಿ ನಾಸ್ಕಾರ್‌ನ ದೊಡ್ಡ ಸರಣಿಗೆ ಇಳಿದ. 1991ರವರೆಗೆ ಓಡಿಸಿದ. ಒಟ್ಟು 653 ರೇಸು. ಒಂದೂ ಗೆಲ್ಲಲಿಲ್ಲ. ಗೆಲ್ಲದೆ ಅತಿ ಹೆಚ್ಚು ರೇಸು ಓಡಿದ ದಾಖಲೆ ಈ ಪುಣ್ಯಾತ್ಮನದೇ. ಅದನ್ನು ಮುರಿಯಬೇಕು ಅಂತ ಯಾರೂ ಹೊರಟಿರಲಿಕ್ಕಿಲ್ಲ ಬಿಡಿ.

ನಮ್ಮಲ್ಲಿ ರೇಸು ಅಂದರೆ ಎಫ್-1 ಕಣ್ಣ ಮುಂದೆ ಬರುತ್ತದೆ. ಚೂಪು ಮೂತಿ, ಹೊರಗೆ ಕಾಣುವ ಚಕ್ರ. ನಾಸ್ಕಾರ್‌ನಲ್ಲಿ ಓಡುವ ಸ್ಟಾಕ್ ಕಾರು ಹಾಗಲ್ಲ. ಮೇಲೆ ಸ್ಟಿಕ್ಕರ್ ಮೆತ್ತಿರುತ್ತಾರೆ ಅನ್ನುವುದು ಬಿಟ್ಟರೆ ನಿಮ್ಮ ಬೀದಿಯಲ್ಲಿ ನಿಂತಿರುವ ಕಾರಿನ ಆಕಾರವೇ. ಶೋರೂಮಿನಲ್ಲಿ ಸಿಗುವ ಕಾರನ್ನೇ ತಂದು ಓಡಿಸಬೇಕು ಅಂತ ಶುರುವಾದ ಆಟ ಅದು. ಈಗ ಹೊರಗಿನ ರೂಪವಷ್ಟೇ ಉಳಿದಿದೆ, ಒಳಗಿರುವುದೆಲ್ಲ ಬೇರೆ. ಟ್ರ್ಯಾಕು ಸಾಮಾನ್ಯವಾಗಿ ಮೊಟ್ಟೆಯಾಕಾರದ್ದು. ಎಡಕ್ಕೆ ತಿರುಗು, ಮತ್ತೆ ಎಡಕ್ಕೆ ತಿರುಗು. ಸುಮಾರು ನಲವತ್ತು ಕಾರು, ನೂರಾರು ಸುತ್ತು, ಮೂರು ನಾಲ್ಕು ಗಂಟೆ. ಗೆಲ್ಲುವುದು ಒಬ್ಬನೇ. ಉಳಿದವರು ಸೋಲಲೇಬೇಕು. ಈ ಸೋಲುವವರಿಲ್ಲದೆ ರೇಸೇ ಇಲ್ಲ. ನಾಲ್ಕೇ ಕಾರು ಸುತ್ತುತ್ತಿದ್ದರೆ ಟಿಕೆಟ್ ಕೊಂಡು ಬರುವವರು ಯಾರು?

ಆದರೆ ಸೋಲುತ್ತಲೇ ಇಪ್ಪತ್ತೆಂಟು ವರ್ಷ ಸಂಸಾರ ಸಾಗಿಸುವುದು ಹೇಗೆ? ನನಗೆ ಕುತೂಹಲ ಇರುವುದು ಅಲ್ಲಿ. ಯಾಕೆ ಗೆಲ್ಲಲಿಲ್ಲ ಅನ್ನುವುದಕ್ಕೆ ಉತ್ತರ ಸುಲಭ: ದುಡ್ಡಿರಲಿಲ್ಲ. ಕಂಪನಿ ದುಡ್ಡು ಇಟ್ಟುಕೊಂಡ ತಂಡಗಳು ಒಂದು ಕಡೆ, ಮೆಕ್‌ಡಫಿಯಂಥ ಸ್ವತಂತ್ರ ಡ್ರೈವರುಗಳು ಇನ್ನೊಂದು ಕಡೆ. ಇವರಿಗೆ ಕಾರೂ ತಮ್ಮದೇ, ಇಂಜಿನ್ ಬಿಚ್ಚಿ ಕಟ್ಟುವ ಕೈಯೂ ತಮ್ಮದೇ, ಸಾಲವೂ ತಮ್ಮದೇ. ಶ್ರೀಮಂತ ತಂಡ ಒಂದೆರಡು ಸುತ್ತು ಓಡಿಸಿ ಬಿಸಾಕಿದ ಟೈರನ್ನು ಇವರು ಕಡಿಮೆ ರೇಟಿಗೆ ಕೊಳ್ಳುತ್ತಿದ್ದರು. ಪಿಟ್‌ನಲ್ಲಿ, ಅಂದರೆ ರೇಸಿನ ನಡುವೆ ಕಾರು ತಂದು ನಿಲ್ಲಿಸುವ ಜಾಗದಲ್ಲಿ, ಚಕ್ರ ಬದಲಿಸುವವರು ಸಂಬಳದ ಹುಡುಗರಲ್ಲ, ವಾರವೆಲ್ಲ ಬೇರೆ ಕೆಲಸ ಮಾಡಿ ರಜಾ ದಿನ ಪ್ರೀತಿಗೆ ಬರುವ ಸ್ನೇಹಿತರು.

ಇಂಥವನು ರೇಸಿಗೆ ಇಳಿದಾಗ ತಲೆಯಲ್ಲಿ ಓಡುವ ಲೆಕ್ಕವೇ ಬೇರೆ. ಮುಂದಿರುವ ಕಾರನ್ನು ಹಿಂದೆ ಹಾಕಬಹುದು. ಆದರೆ ಅದಕ್ಕೆ ಇಂಜಿನನ್ನು ಹಿಂಡಬೇಕು. ಇಂಜಿನ್ ಹೋದರೆ ಒಂದು ಸ್ಥಾನದಿಂದ ಬರುವ ಹೆಚ್ಚಿನ ದುಡ್ಡಿಗಿಂತ ರಿಪೇರಿಯ ಖರ್ಚೇ ಜಾಸ್ತಿ. ಗೋಡೆಗೆ ತಾಗಿದರೆ ಮುಂದಿನ ವಾರದ ರೇಸೇ ಇಲ್ಲ. ಹಾಗಾಗಿ ಕಾಲು ಸ್ವಲ್ಪ ಸಡಿಲ ಬಿಡು. ಬೇರೆಯವರ ಕಾರು ಕೆಡುತ್ತದೆ, ಆಗ ನಮ್ಮ ಸ್ಥಾನ ತಾನಾಗಿ ಮೇಲೇರುತ್ತದೆ. ಈ ನಡುವೆ ಮುಂದಿರುವವರು ಒಂದು ಸುತ್ತು ಹೆಚ್ಚು ಹೊಡೆದು ಹಿಂದಿನಿಂದ ಬರುತ್ತಾರೆ. ಅಧಿಕಾರಿ ನೀಲಿ ಬಾವುಟಕ್ಕೆ ಹಳದಿ ಪಟ್ಟಿ ಇರುವುದನ್ನು ಬೀಸುತ್ತಾನೆ. ದಾರಿ ಬಿಡು ಅಂತ. ಬಿಡುವುದೇ ಮರ್ಯಾದೆ. ಅದೂ ಗಾಬರಿಯಾಗದೆ, ಅವರಿಗೆ ಎಲ್ಲಿ ಬೇಕೋ ಅಲ್ಲಿ. ಘಾಟಿಯಲ್ಲಿ ಹಿಂದಿನ ಬಸ್ಸಿಗೆ ಸರಿಯಾದ ತಿರುವು ನೋಡಿ ಸೈಡ್ ಕೊಡುವ ಲಾರಿ ಡ್ರೈವರನ್ನು ಕಂಡವರಿಗೆ ಇದು ಎಂಥ ಕಸುಬು ಅಂತ ಹೇಳಬೇಕಾಗಿಲ್ಲ. ವ್ಯತ್ಯಾಸ ಇಷ್ಟೇ, ಇಲ್ಲಿ ವೇಗ ಗಂಟೆಗೆ ಇನ್ನೂರು ಕಿಲೋಮೀಟರ್ ದಾಟಿರುತ್ತದೆ.

ನಿಯಮಗಳೂ ಇಂಥವರ ಪರ ಸ್ವಲ್ಪ ಇದ್ದವು. 1975ರಲ್ಲಿ ಬಂದ ಅಂಕಗಳ ಪದ್ಧತಿ ನೋಡಿ. ಗೆದ್ದವನಿಗೆ 175, ಎರಡನೆಯವನಿಗೆ 170. ನಲವತ್ತನೆಯವನಿಗೂ 43. ಮಿಂಚುವವನಿಗಿಂತ ತಪ್ಪದೆ ಹಾಜರಿ ಹಾಕುವವನಿಗೆ ಹೇಳಿಮಾಡಿಸಿದ ಪದ್ಧತಿ. 2003ರಲ್ಲಿ ಮ್ಯಾಟ್ ಕೆನ್ಸೆತ್ ವರ್ಷದ 36 ರೇಸುಗಳಲ್ಲಿ ಒಂದೇ ಒಂದು ಗೆದ್ದು ಚಾಂಪಿಯನ್ ಆದ. ಮರುವರ್ಷವೇ ಪದ್ಧತಿ ಬದಲಾಯಿತು ಅನ್ನಿ. ಹಾಜರಾತಿಗೆ ಬೆಲೆ ಕೊಟ್ಟರೆ ಟಿವಿಯವರಿಗೆ ಬೇಜಾರು. ಮೆಕ್‌ಡಫಿ ಅಂತೂ ಈ ಪದ್ಧತಿ ಬರುವ ಮೊದಲೇ, 1971ರಲ್ಲಿ, ಇಡೀ ವರ್ಷದ ಲೆಕ್ಕದಲ್ಲಿ ಒಂಬತ್ತನೇ ಸ್ಥಾನಕ್ಕೆ ಬಂದಿದ್ದ. ಅದೇ ವರ್ಷ ನ್ಯೂಯಾರ್ಕ್ ರಾಜ್ಯದ ಮಾಲ್ಟಾದಲ್ಲಿ ಮೂರನೆಯವನಾಗಿ ಬಂದ. ಅದೇ ಅವನ ಜೀವಮಾನದ ಅತ್ಯುತ್ತಮ.

ಒಂದು ದಿನ ಮಾತ್ರ ಎಲ್ಲರಿಗಿಂತ ಮುಂದೆ ನಿಂತಿದ್ದ. 1978ರ ಸೆಪ್ಟೆಂಬರ್, ಡೋವರ್ ಟ್ರ್ಯಾಕು. ಉಳಿದವರು ಗುಡ್‌ಇಯರ್ ಟೈರಿನಲ್ಲಿದ್ದಾಗ ಇವನು ಮೆಕ್ರಿಯರಿ ಅನ್ನುವ ಸಣ್ಣ ಕಂಪನಿಯ ಟೈರು ಹಾಕಿ ಅರ್ಹತಾ ಸುತ್ತಿನಲ್ಲಿ ಮೊದಲಿಗನಾದ. ಬಾಯಲ್ಲಿ ಸದಾ ಸಿಗಾರ್ ಕಚ್ಚಿಕೊಂಡಿರುವ ಮನುಷ್ಯ ಮುಂದಿನ ಸಾಲಿನಲ್ಲಿ, ರಿಚರ್ಡ್ ಪೆಟ್ಟಿಯಂಥ ಮಹಾಮಹಿಮರೆಲ್ಲ ಹಿಂದೆ. ಪೆಟ್ಟಿ ಅಂದರೆ 200 ಗೆಲುವಿನ ಸರದಾರ. ಆಮೇಲೆ ಏನಾಯಿತು ಅಂತ ಕೇಳಬೇಡಿ. ಆ ಕಾಲಂನಲ್ಲಿ ಬರೆದಿದೆ: ಇಂಜಿನ್.

ಇದೇ ಜಾತಿಯ ಇನ್ನೊಬ್ಬ ಡೇವ್ ಮಾರ್ಸಿಸ್. ಇವನಿಗೆ ಅದೃಷ್ಟ ಸ್ವಲ್ಪ ಹೆಚ್ಚು, ಐದು ಗೆದ್ದಿದ್ದಾನೆ. ಆದರೆ ಓಡಿಸಿದ್ದು 880ಕ್ಕೂ ಹೆಚ್ಚು. ಒಳ್ಳೇ ತಂಡದಲ್ಲಿದ್ದಾಗ, 1975ರಲ್ಲಿ, ಚಾಂಪಿಯನ್ ಪೆಟ್ಟಿಯ ನಂತರದ ಸ್ಥಾನ ಇವನದೇ. ಆಮೇಲೆ ಸ್ವಂತ ಕಾರು, ಸ್ವಂತ ಕಷ್ಟ. ನನಗೆ ಇಷ್ಟವಾಗುವುದು ಇವನ ಶೂ. ಉಳಿದವರೆಲ್ಲ ರೇಸಿಗೆಂದೇ ಮಾಡಿದ ತೆಳ್ಳನೆ ಬೂಟು ಹಾಕಿದರೆ ಇವನು ಬ್ಯಾಂಕ್ ಮ್ಯಾನೇಜರ್ ಹಾಕುವಂಥ ಚರ್ಮದ ಶೂ ಹಾಕಿಕೊಂಡು ಕಾರಿಗೆ ಹತ್ತುತ್ತಿದ್ದ. ಮೂತಿಯ ಮೇಲೆ ಸಣ್ಣ ಸಣ್ಣ ತೂತಿನ ಚಿತ್ತಾರ, ಕೆಳಗೆ ದಪ್ಪ ಚರ್ಮದ ಅಟ್ಟೆ. ಇಂಜಿನ್ನಿನ ಬಿಸಿಗೆ ಕಾರಿನ ತಳ ಕಾದು ಪಾದ ಸುಡುತ್ತದೆ, ದಪ್ಪ ಅಟ್ಟೆ ಇದ್ದರೆ ತಡೆಯುತ್ತದೆ. ಅಷ್ಟೇ ಕಾರಣ. 2002ರಲ್ಲಿ, ಡೇಟೋನಾ 500 ಅನ್ನುವ ನಾಸ್ಕಾರ್‌ನ ಅತಿ ಹೆಸರುವಾಸಿ ರೇಸಿನ ನಂತರ, ನಿವೃತ್ತನಾದಾಗ ಅವನಿಗೆ ಅರವತ್ತು ದಾಟಿತ್ತು. ಸರ್ಕಾರಿ ನೌಕರಿಯಲ್ಲಿದ್ದಿದ್ದರೆ ಅಷ್ಟು ಹೊತ್ತಿಗೆ ಪೆನ್ಷನ್ ಶುರುವಾಗಿರುತ್ತಿತ್ತು!

ನಂತರದ ಕಾಲದ ಬಡ ತಂಡಗಳು ಇನ್ನೊಂದು ಉಪಾಯ ಕಂಡುಕೊಂಡವು. ರೇಸು ಶುರು ಮಾಡು, ಕೆಲವು ಸುತ್ತು ಓಡಿಸು, ಒಳಗೆ ತಂದು ನಿಲ್ಲಿಸು. 43ನೇ ಸ್ಥಾನಕ್ಕೂ, ಅಂದರೆ ಕಟ್ಟಕಡೆಯವನಿಗೂ, ಬಹುಮಾನದ ಹಣ ಇತ್ತು. ಇಡೀ ರೇಸು ಓಡಿಸಿದರೆ ಟೈರಿನ ಖರ್ಚು, ಇಂಜಿನ್ನಿನ ಖರ್ಚು. ಓಡಿಸದಿದ್ದರೆ ಉಳಿತಾಯ. ಕಾರಣದ ಕಾಲಂನಲ್ಲಿ ಏನಾದರೂ ಬರೆಯಬೇಕಲ್ಲ? ಕಂಪನ, ಬ್ರೇಕ್, ಕರೆಂಟ್ ತೊಂದರೆ. ಪ್ರತಿ ವಾರ ಒಂದೊಂದು ಕಾಯಿಲೆ, ಮೆಡಿಕಲ್ ಸರ್ಟಿಫಿಕೇಟ್ ಕೊಟ್ಟ ಹಾಗೆ. ಜನ ಇದನ್ನು ಬೈದರು. ನನಗೆ ಬೈಯಲು ಮನಸ್ಸಾಗುವುದಿಲ್ಲ, ಆದರೆ ಆ ಡ್ರೈವರನ್ನು ನೆನೆದರೆ ಹೊಟ್ಟೆ ಚುರುಕ್ ಅನ್ನುತ್ತದೆ. ಕಾರು ಚೆನ್ನಾಗಿಯೇ ಓಡುತ್ತಿದೆ, ಮೈಯಲ್ಲಿ ಹುಮ್ಮಸ್ಸಿದೆ, ರೇಡಿಯೋದಲ್ಲಿ ಸಾಕು ಬಾ ಅನ್ನುತ್ತಾರೆ.

ಹಾಗೆ ವರ್ಷಗಟ್ಟಲೆ ಸಾಕು ಅನ್ನಿಸಿಕೊಂಡು ಒಳಗೆ ಬಂದವರಲ್ಲಿ ಮೈಕಲ್ ಮೆಕ್‌ಡೊವೆಲ್ ಒಬ್ಬ. 2021ರ ಡೇಟೋನಾ 500ರಲ್ಲಿ, ತನ್ನ 358ನೇ ರೇಸಿನಲ್ಲಿ, ಕೊನೆಯ ಸುತ್ತಿನಲ್ಲಿ ಮುಂದಿದ್ದ ಇಬ್ಬರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದುಕೊಂಡರು. ಹಿಂದಿದ್ದ ಇವನು ನಡುವೆ ನುಗ್ಗಿ ಗೆದ್ದುಬಿಟ್ಟ. ಇಂಥ ಕಥೆ ಎಲ್ಲರಿಗೂ ಇಷ್ಟ, ನನಗೂ ಇಷ್ಟವೇ. ಆದರೆ ಗೆದ್ದ ಕೂಡಲೇ ಹಿಂದಿನ 357 ರೇಸುಗಳೂ ಆ ಒಂದು ದಿನಕ್ಕೆ ತಯಾರಿ ಅನ್ನುವ ಹಾಗೆ ಮಾತಾಡಲು ಶುರು ಮಾಡುತ್ತಾರೆ ನೋಡಿ, ಅದು ನನಗೆ ಹಿಡಿಸುವುದಿಲ್ಲ. ಮೆಕ್‌ಡಫಿಯ ಲೆಕ್ಕದಲ್ಲಿ ಆ ಒಂದು ದಿನ ಬರಲೇ ಇಲ್ಲ. ಹಾಗಂತ ಮೊದಲ ಹತ್ತರೊಳಗೆ ಬಂದ ಆ 106 ರೇಸುಗಳೆಲ್ಲ ಸುಮ್ನೆ ಆದವಾ?

1991ರ ಆಗಸ್ಟ್ 10, ಶನಿವಾರ ರಾತ್ರಿ. ನ್ಯೂಯಾರ್ಕ್ ರಾಜ್ಯದ ಶಾಂಗ್ರಿ-ಲಾ ಅನ್ನುವ ಸಣ್ಣ ಟ್ರ್ಯಾಕಿನಲ್ಲಿ ಅತಿಥಿಗಳಿಗಾಗಿ ಒಂದು ಪ್ರದರ್ಶನ ಪಂದ್ಯ ಇಟ್ಟಿದ್ದರು. ಅದರಲ್ಲಿ ಮೆಕ್‌ಡಫಿ ಗೆದ್ದ. ಅಧಿಕೃತ ಲೆಕ್ಕಕ್ಕೆ ಅದು ಬರುವುದಿಲ್ಲ. ಮರುದಿನ ವಾಟ್ಕಿನ್ಸ್ ಗ್ಲೆನ್‌ನಲ್ಲಿ ದೊಡ್ಡ ರೇಸು. ಐದನೇ ಸುತ್ತಿನಲ್ಲಿ, ಉದ್ದನೆಯ ನೇರ ದಾರಿ ಮುಗಿದು ತಿರುವು ಬರುವ ಕಡೆ, ಮುಂದಿನ ಚಕ್ರ ಕಳಚಿತು, ಬ್ರೇಕ್ ಹಿಡಿಯಲಿಲ್ಲ. ಕಾರು ಟೈರಿನ ತಡೆಗೆ ಬಡಿದು ಮಗುಚಿಬಿತ್ತು. ಮೆಕ್‌ಡಫಿ ಅಲ್ಲೇ ತೀರಿಕೊಂಡ. ಅವನಿಗೆ 52 ವರ್ಷ. ಮರುವರ್ಷ ಆ ನೇರ ದಾರಿಯ ಕೊನೆಗೆ ವೇಗ ತಗ್ಗಿಸಲೆಂದು ಅಂಕುಡೊಂಕಿನ ತಿರುವೊಂದನ್ನು ಸೇರಿಸಿದರು.

ಅದೇ ಅಪಘಾತದಲ್ಲಿ ಸಿಕ್ಕಿಹಾಕಿಕೊಂಡ ಇನ್ನೊಂದು ಕಾರು ಜಿಮ್ಮಿ ಮೀನ್ಸ್‌ನದು. ಅವನೂ ಸ್ವತಂತ್ರ ಡ್ರೈವರ್, ಅಲಬಾಮಾದ ಹಂಟ್ಸ್‌ವಿಲ್‌ನವನು. ತನ್ನ ಕಾರಿನಿಂದ ಹೊರಬಂದು ಮೊದಲು ಓಡಿದ್ದು ಮೆಕ್‌ಡಫಿಯ ಕಾರಿನ ಕಡೆಗೆ. ಬಗ್ಗಿ ನೋಡಿ, ಬೇಗ ಬನ್ನಿ ಅಂತ ಎರಡೂ ಕೈ ಬೀಸಿದ. ಅವನು ಇನ್ನೆರಡು ವರ್ಷ ಓಡಿಸಿದ. ಒಟ್ಟು 455 ರೇಸು, ಗೆಲುವು ಸೊನ್ನೆ. ಡ್ರೈವಿಂಗ್ ಬಿಟ್ಟ ಮೇಲೆ ಕೆಳಗಿನ ಸರಣಿಯಲ್ಲಿ ತನ್ನದೇ ತಂಡ ಕಟ್ಟಿದ, ಹಳೇ ಕಾರಿನ 52 ನಂಬರನ್ನೇ ಅದಕ್ಕೂ ಹಾಕಿದ. ದೊಡ್ಡ ತಂಡಗಳಲ್ಲಿ ಸೀಟು ಸಿಗದ ಎಷ್ಟೋ ಹುಡುಗರು ಆ ಕಾರು ಓಡಿಸಿದರು. ಆ ತಂಡಕ್ಕೂ ದುಡ್ಡಿರಲಿಲ್ಲ, ಅದೂ ಗೆಲ್ಲಲಿಲ್ಲ.